ಹಗಲಿನ ದೀಪ

ನಡುಹಗಲಿನಲ್ಲಿ ದೀಪ ಹಚ್ಚಿಕೊಂಡು ಹೊರಟವನನ್ನು ಕಂಡರೆ ನಾವು ನಗುತ್ತೇವೆ. ಆದರೆ ಸ್ವೀಡನ್ ದೇಶವು 1977ರಲ್ಲಿ, ಮೋಟಾರು ವಾಹನಗಳು ಹಗಲಿನಲ್ಲಿಯೂ ದೀಪ ಉರಿಸಿಯೇ ಚಲಿಸಬೇಕೆಂದು ಕಟ್ಟಳೆ ಮಾಡಿತು. ಉತ್ತರ ಧ್ರುವದತ್ತ ಚಾಚಿದ ಆ ನಾಡಿನಲ್ಲಿ ಚಳಿಗಾಲದ ಸೂರ್ಯನು ದಿಗಂತದಿಂದ ಹೆಚ್ಚು ಮೇಲೇರನು, ನಡುಹಗಲೂ ಮುಸ್ಸಂಜೆಯಂತಿರುತ್ತದೆ. ಅಂತಹ ಮಬ್ಬಿನಲ್ಲಿ ಬೂದುಬಣ್ಣದ ಕಾರು ಬೂದುಬಣ್ಣದ ರಸ್ತೆಯಲ್ಲಿ ಕರಗಿಹೋಗುತ್ತದೆ.

ಈ ದೀಪವಿರುವುದು ದಾರಿಯನ್ನು ಕಾಣುವುದಕ್ಕಲ್ಲ, ಎದುರಿನವರಿಗೆ ಕಾಣಿಸಿಕೊಳ್ಳುವುದಕ್ಕೆ. ಗಂಟೆಗೆ 72 ಕಿಲೋಮೀಟರು ವೇಗದ ಕಾರು ಒಂದು ಸೆಕೆಂಡಿನಲ್ಲಿ 20 ಮೀಟರು ಸಾಗುತ್ತದೆ. ಅದನ್ನು ಒಂದು ಸೆಕೆಂಡು ಮೊದಲೇ ಕಂಡರೆ ರಸ್ತೆ ದಾಟುವವನಿಗೆ ಅಷ್ಟು ಅಂತರ ದೊರೆತಂತೆ. ಕೆನಡಾ 1989ರ ಡಿಸೆಂಬರಿನಿಂದ ಹೊಸ ಕಾರುಗಳಿಗೆ, ಯುರೋಪಿನ ಒಕ್ಕೂಟ 2011ರಿಂದ ಹೊಸ ಮಾದರಿಯ ಕಾರುಗಳಿಗೆ ಇದನ್ನು ವಿಧಿಸಿದವು.

ಹಾಗಾದರೆ ಎಲ್ಲೆಡೆಯೂ ಇದೇ ನಿಯಮ ಸಲ್ಲುವುದೇ? ಆಸ್ಟ್ರಿಯಾ 2005ರಲ್ಲಿ ಇದನ್ನು ಜಾರಿಗೆ ತಂದು 2008ರ ಆರಂಭದಲ್ಲಿ ಕೈಬಿಟ್ಟಿತು. ಕಾರುಗಳೆಲ್ಲ ಬೆಳಗತೊಡಗಿದರೆ ಅವುಗಳ ನಡುವೆ ದೀಪವಿಲ್ಲದ ಸೈಕಲ್ ಸವಾರನೂ ಪಾದಚಾರಿಯೂ ಗಮನದಿಂದ ಜಾರುವರೆಂಬ ಆಕ್ಷೇಪ ಅಲ್ಲಿ ಎದ್ದಿತ್ತು. ಇದು ತಳ್ಳಿಹಾಕುವ ಮಾತಲ್ಲ. ಭಾರತವು 2017ರ ಏಪ್ರಿಲ್ 1ರಿಂದ ದೀಪ ಸದಾ ಉರಿಯುವಂತೆ ಮಾಡಿದುದು ಹೊಸ ದ್ವಿಚಕ್ರ ವಾಹನಗಳಲ್ಲಿ. ‘ದೀಪ ಉರಿಯುತ್ತಿದೆ’ ಎಂದು ಕೈಸನ್ನೆಯಿಂದ ಎಚ್ಚರಿಸುವ ದಾರಿಹೋಕರು ಈಗಲೂ ಉಂಟು! ಬೇಗ ಕಣ್ತಪ್ಪುವುದು ಸಣ್ಣ ವಾಹನವೇ ಆದುದರಿಂದ, ಪ್ರಖರ ಬಿಸಿಲಿನ ನಮ್ಮ ರಸ್ತೆಗಳಿಗೆ ಈ ಕ್ರಮವೇ ಹೆಚ್ಚು ಯುಕ್ತವೆಂದು ತೋರುತ್ತದೆ. ಆಗುಂಬೆಯಂತಹ ಘಟ್ಟಗಳಲ್ಲಿ ಮಳೆಗಾಲದ ಮಂಜು ಕವಿದಾಗ ಮಾತ್ರ ಕಾರಿಗೂ ಹಗಲುದೀಪ ಬೇಕೇ ಬೇಕು.