ಗಂಟಿನಲ್ಲಿ ಅರಳಿದ ವನದೇವತೆಗಳು

ಹೂಕುಂಡ ತೂಗುಹಾಕಲು, ಗೋಡೆ ಸಿಂಗರಿಸಲು ದಾರಕ್ಕೆ ಗಂಟು ಹಾಕುತ್ತ ಹೆಣೆಯುವ ಮ್ಯಾಕ್ರಮೆಯನ್ನು ಬಿಡುವಿನ ವೇಳೆಯ ಕಸುಬು ಎಂದುಕೊಂಡವರೇ ಹೆಚ್ಚು. ಅದೇ ಗಂಟನ್ನು ಹಿಡಿದು ಆಳೆತ್ತರವನ್ನೂ ಮೀರಿದ ಶಿಲ್ಪಗಳನ್ನು ಎಬ್ಬಿಸಿದವರು ಮೃಣಾಲಿನಿ ಮುಖರ್ಜಿ.

ಹುಟ್ಟಿದ್ದು 1949ರಲ್ಲಿ, ಮುಂಬೈಯಲ್ಲಿ. ತಂದೆ ಶಾಂತಿನಿಕೇತನದ ಹೆಸರಾಂತ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ, ತಾಯಿ ಲೀಲಾ ಶಿಲ್ಪಿ. ಡೆಹ್ರಾಡೂನಿನ ಬೆಟ್ಟಗುಡ್ಡ, ಶಾಂತಿನಿಕೇತನದ ಮರಗಿಡಗಳ ನಡುವೆ ಬಾಲ್ಯ ಕಳೆಯಿತು. ಬರೋಡಾದಲ್ಲಿ ಅವರಿಗೆ ಗುರುವಾಗಿ ಸಿಕ್ಕ ಕೆ.ಜಿ. ಸುಬ್ರಮಣ್ಯನ್, ಬಿನೋದ್ ಬಿಹಾರಿಯವರದೇ ಶಿಷ್ಯ. ಕರಕುಶಲ ಬೇರೆ, ಕಲೆ ಬೇರೆ ಎಂಬ ಭೇದವನ್ನು ಒಪ್ಪದ ಮೇಷ್ಟ್ರು ಅವರು. ಶಿಷ್ಯೆ ಹಗ್ಗ ಹಿಡಿಯಲು ಆ ಧೈರ್ಯವೇ ಸಾಕಾಯಿತು.

ಕೆಲಸದ ಬಗೆ ನೋಡಿ. ಸೆಣಬಿನಂಥ ಒರಟು ನಾರಿನ ಹುರಿಯನ್ನು ಕಂತೆಗಟ್ಟಲೆ ತರಿಸಿ, ಬಿಡಿಸಿ, ಬಣ್ಣ ಕಟ್ಟಬೇಕು: ಕಡುನೇರಳೆ, ಅರಿಸಿನ, ಪಾಚಿಹಸಿರು. ಒಳಗೆ ಆಸರೆಗೊಂದು ಲೋಹದ ಚೌಕಟ್ಟು. ಮಿಕ್ಕಿದ್ದೆಲ್ಲ ಬೆರಳಿನದೇ ಕೆಲಸ. ಮಗ್ಗವಿಲ್ಲ, ಮೊದಲೇ ಬರೆದುಕೊಂಡ ನಕ್ಷೆಯೂ ಇಲ್ಲ. ಒಂದು ಗಂಟು ಮುಂದಿನ ಗಂಟಿಗೆ ದಾರಿ ತೋರಿಸಬೇಕು. ಒಂದೊಂದು ಕೃತಿಗೆ ತಿಂಗಳುಗಟ್ಟಲೆ ಸಮಯ ಹಿಡಿಯುತ್ತಿತ್ತು. ಬಿಗಿದ ಕಡೆ ತೊಗಟೆಯಂತೆ ಗಟ್ಟಿಯಾಗಿ, ಸಡಿಲ ಬಿಟ್ಟ ಕಡೆ ಜೋತುಬಿದ್ದು, ಹಗ್ಗವೇ ತನ್ನ ಭಾರದಿಂದ ಆಕಾರ ಪಡೆಯುತ್ತದೆ.

‘ಯಕ್ಷಿ’, ‘ವನಶ್ರೀ’, ‘ಪುಷ್ಪ್’ ಎಂಬ ಹೆಸರುಗಳು ಪುರಾಣವನ್ನು ನೆನಪಿಸಿದರೂ ಇವು ಯಾವ ಗುಡಿಯ ವಿಗ್ರಹವೂ ಅಲ್ಲ. ಪಕಳೆ ಎಂದುಕೊಂಡದ್ದು ಸೀರೆಯ ನೆರಿಗೆಯಾಗುತ್ತದೆ, ನೆರಿಗೆ ಎಂದುಕೊಂಡದ್ದು ಹೆಣ್ಣಿನ ಯೋನಿಯಾಗುತ್ತದೆ. ಸೌಮ್ಯ ಎನ್ನಲಾಗದು, ಕೆಲವು ತುಸು ಹೆದರಿಸುತ್ತವೆ ಕೂಡ. ನನಗೆ ಹಿಡಿಸುವುದೂ ಅದೇ. ಹೂವೆಂದರೆ ಬರೀ ಅಂದವೆಂದು ಈಕೆ ನಂಬಲಿಲ್ಲ. ಗಿಡ ಬೆಳೆಯುವ ಹಟವನ್ನು ಹಗ್ಗಕ್ಕೆ ತಂದರು.

ಮುಂದೆ ಸೆರಾಮಿಕ್, ಆಮೇಲೆ ಕಂಚು. 2015ರಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಜೀವಮಾನದ ಕೆಲಸದ ಪ್ರದರ್ಶನ ತೆರೆದುಕೊಂಡ ಕೆಲವೇ ದಿನಗಳಲ್ಲಿ ತೀರಿಕೊಂಡರು. ನ್ಯೂಯಾರ್ಕಿನ ಮೆಟ್ ಬ್ರಾಯರ್ ಕಲಾ ಸಂಗ್ರಹಾಲಯವು ಅವರ ಪುನರವಲೋಕನ ಪ್ರದರ್ಶನ ಏರ್ಪಡಿಸಿದ್ದು 2019ರಲ್ಲಿ. 2000ರಲ್ಲಿ ಹಗ್ಗದಿಂದ ಹೆಣೆದ ‘ಜೌಬಾ’ ಎಂಬ ಶಿಲ್ಪ ಈಗ ಬ್ರಿಟನ್ನಿನ ಟೇಟ್ ಸಂಗ್ರಹದಲ್ಲಿದೆ.

ಇವರ ಕೃತಿಯನ್ನು ಫೋಟೊದಲ್ಲಿ ನೋಡಿ ತೀರ್ಮಾನಕ್ಕೆ ಬರಬೇಡಿ. ಎತ್ತರವೂ ತೂಕವೂ ಅಲ್ಲಿ ಕಾಣುವುದಿಲ್ಲ. ಎಲ್ಲಾದರೂ ಎದುರಾದರೆ ಸುತ್ತಲೂ ನಡೆದು, ಬೆನ್ನಿನ ಕಡೆಯ ಗಂಟುಗಳನ್ನೂ ನೋಡಿ ಬನ್ನಿ.