ಗಂಗಾಮೂಲದ ಪಂಡಿತೆ ಹೊತ್ತ ಹೊರೆ

ಚಟ್ಟ ಹೊರಲು ನಾಲ್ಕು ಹೆಗಲು ಬೇಕು. ಹದಿನಾರರ ಹುಡುಗಿ ರಮಾಬಾಯಿಯ ತಾಯಿ ತೀರಿಕೊಂಡಾಗ ಅಷ್ಟು ಹೆಗಲು ಸುಲಭಕ್ಕೆ ಒದಗಲಿಲ್ಲ. ಊರು ಪರವೂರು, ಕಾಲ ಬರಗಾಲ. ಕೊನೆಗೆ ಇಬ್ಬರು ಬ್ರಾಹ್ಮಣರು ಮನಸ್ಸು ಕರಗಿ ಬಂದರು. ಮೂರನೆಯವನು ಅಣ್ಣ ಶ್ರೀನಿವಾಸ, ನಾಲ್ಕನೆಯವಳು ಇವಳೇ. ಸ್ಮಶಾನ ಮೂರು ಮೈಲಿ ದೂರ. ಹುಡುಗಿ ಗಿಡ್ಡ, ಉಳಿದ ಮೂವರ ಹೆಗಲಿನ ಎತ್ತರಕ್ಕೆ ಅವಳ ಹೆಗಲು ಮುಟ್ಟದು. ಹಾಗಾಗಿ ತನ್ನ ಪಾಲಿನ ಭಾರವನ್ನು ತಲೆಯ ಮೇಲೆ ಹೊತ್ತು ನಡೆದಳು.

ಮುಂದೆ ಪಂಡಿತಾ ರಮಾಬಾಯಿ ಎಂದು ಹೆಸರಾದವರು ಇವರೇ. ಅವರ ಕ್ರೈಸ್ತ ವಿಶ್ವಾಸದ ಮಾತು ಬಂದರೆ ನಮ್ಮಲ್ಲಿ ಎರಡೇ ಬಗೆ. ಕೆಲವರು ಆರತಿ ಎತ್ತುತ್ತಾರೆ, ಉಳಿದವರು ಮತಾಂತರ ಎಂಬ ಒಂದೇ ಪದದಲ್ಲಿ ಕಡತ ಮುಚ್ಚುತ್ತಾರೆ. ಒಂದರ ಹಿಂದೊಂದು ಸಾವು ಕಂಡ ಹೆಂಗಸು ಆ ವಿಶ್ವಾಸದಲ್ಲಿ ಏನನ್ನು ಹುಡುಕಿದರು, ಏನು ಸಿಕ್ಕಿತು ಎಂದು ಕೇಳುವವರು ಕಡಿಮೆ.

ರಮಾಬಾಯಿ ನಮ್ಮ ನೆಲದವರು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳ ಕಡೆಯ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಉಡುಪಿಯ ಪಂಡಿತರ ಸಭೆಯಲ್ಲಿ ನಿಂತು ಸಮರ್ಥಿಸಿಕೊಳ್ಳಬೇಕಾಯಿತು, ಗೆದ್ದೇ ಬಂದರು. ಆಮೇಲೆ ಊರಿನ ಗೊಡವೆಯೇ ಬೇಡವೆಂದು ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿದರು. 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದ್ದು ಅಲ್ಲೇ. ಆರು ತಿಂಗಳ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಬೆಟ್ಟ ಇಳಿಸಿದರು. ಅಲ್ಲಿಂದಾಚೆ ಕುಟುಂಬಕ್ಕೆ ನಿಂತ ನೆಲೆ ಇರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ಪುರಾಣ ಓದುವುದು, ಬಂದ ದಕ್ಷಿಣೆಯಲ್ಲಿ ಬದುಕುವುದು.

1870ರ ದಶಕದ ಕ್ಷಾಮ ಈ ಸಂಸಾರವನ್ನು ನುಂಗಿತು. ಇದ್ದಬದ್ದುದನ್ನು ದಾನಧರ್ಮಕ್ಕೆ ಕೊಟ್ಟಾಗಿತ್ತು. ಕೂಲಿ ಮಾಡಿ ಗೊತ್ತಿಲ್ಲ, ಬೇಡಿ ಅಭ್ಯಾಸವಿಲ್ಲ. ತಿರುಪತಿಯ ಕಾಡಿನಲ್ಲಿ 11 ದಿನ ನೀರು, ಎಲೆ, ಕಾಡುಹಣ್ಣು ತಿಂದು ಕಳೆದರು. ಕಣ್ಣು ಹೋಗಿದ್ದ ತಂದೆ, ಪುಣ್ಯತೀರ್ಥದಲ್ಲಿ ಮುಳುಗಿ ಪ್ರಾಣ ಬಿಡುತ್ತೇನೆ ಎಂದರು. ಮಗ ಅತ್ತು, ಜಾತಿಯ ಹಮ್ಮು ಬಿಟ್ಟು ಕೂಲಿಗೆ ಹೋಗುತ್ತೇನೆ ಎಂದು ತಡೆದ. ಅಷ್ಟರಲ್ಲಿ ತಂದೆಯೇ ತೀರಿಕೊಂಡರು. ತಾಯಿಯೂ ಹೋದರು, ಅಕ್ಕನೂ ಹೋದರು. ಉಳಿದ ಅಣ್ಣ ತಂಗಿ ಉತ್ತರದ ತನಕ ನಡೆದರು. ಝೇಲಂ ದಂಡೆಯ ಚಳಿ ತಡೆಯಲಾರದೆ ಗೋರಿಯಂಥ ಎರಡು ಗುಂಡಿ ತೋಡಿ, ಕುತ್ತಿಗೆಯವರೆಗೆ ಮರಳು ಎಳೆದುಕೊಂಡು ಮಲಗಿದರು. ಇಷ್ಟಾದ ಮೇಲೆ ಹಳೆಯ ನಂಬಿಕೆಯ ಎಳೆ ಸಡಿಲವಾದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಕಲ್ಕತ್ತಕ್ಕೆ ಬಂದ ರಮಾಬಾಯಿಯ ಪಾಂಡಿತ್ಯ ಮೆಚ್ಚಿ 1878ರಲ್ಲಿ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಅವರ ಜೊತೆ ಜಾತಿ ಮೀರಿದ ಮದುವೆ. ಮರುವರ್ಷ ಮಗಳು ಮನೋರಮಾ. 1882ರ ಫೆಬ್ರುವರಿಯಲ್ಲಿ ಕಾಲರಾ ಗಂಡನನ್ನೂ ಒಯ್ದಿತು. ಇನ್ನೂ ಇಪ್ಪತ್ತನಾಲ್ಕು ತುಂಬದ ವಿಧವೆ, ಕಂಕುಳಲ್ಲಿ ಕೂಸು.

ವೈದ್ಯಕೀಯ ಓದಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತಿದ್ದುದರಿಂದ ಆ ಆಸೆಗೂ ಕಲ್ಲು ಬಿತ್ತು. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸಿಸ್ಟರ್‌ಗಳು ಆಶ್ರಯ ಕೊಟ್ಟಿದ್ದರು. ಜೊತೆಗೆ ಬಂದಿದ್ದ ಗೆಳತಿ ಆನಂದಿಬಾಯಿ ಭಗತ್ ಅಲ್ಲೇ ಆತ್ಮಹತ್ಯೆ ಮಾಡಿಕೊಂಡರು. ಸೆಪ್ಟೆಂಬರ್ 29ರಂದು ರಮಾಬಾಯಿ, ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು.

ಮನಸ್ಸು ತಿರುಗಿಸಿದ್ದು ಯಾವ ಉಪದೇಶದ ಭಾಷಣವೂ ಅಲ್ಲ ಎಂಬುದು ಅವರ ಬರಹದಿಂದಲೇ ಗೊತ್ತಾಗುತ್ತದೆ. ಲಂಡನ್ನಿನ ಫುಲಹ್ಯಾಮ್‌ನಲ್ಲಿ ಸಿಸ್ಟರ್‌ಗಳು, ಸಮಾಜ ಕೆಟ್ಟವರೆಂದು ತಳ್ಳಿದ ಹೆಂಗಸರಿಗಾಗಿ ಒಂದು ಮನೆ ನಡೆಸುತ್ತಿದ್ದರು. ಅಂಥವರಿಗೂ ಮಾನ ಕೊಟ್ಟು, ಕೆಲಸ ಕಲಿಸಿ, ಎಬ್ಬಿಸಿ ನಿಲ್ಲಿಸುವುದನ್ನು ರಮಾಬಾಯಿ ಕಣ್ಣಾರೆ ಕಂಡರು. ಇದೆಲ್ಲ ಯಾಕೆ ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತಾಡಿದ ಕಥೆಯನ್ನು ಸಿಸ್ಟರ್ ಓದಿ ಹೇಳಿದರು. ಊರೇ ಹೀಗಳೆದವಳಲ್ಲಿ ನೀರು ಕೇಳಿದ ಈತ ನಮ್ಮ ದೇಶದ ಹೆಂಗಸರನ್ನೂ ಎತ್ತಿ ನಿಲ್ಲಿಸಬಲ್ಲ ಎಂದು ಅವರಿಗೆ ಅನ್ನಿಸಿತು.

ಹಾಗಂತ ತಲೆ ತಗ್ಗಿಸಿ ಕೂತವರಲ್ಲ. ತ್ರೈಏಕತ್ವದ ಬಗ್ಗೆ ಸಿಸ್ಟರ್ ಜೆರಾಲ್ಡಿನ್ ಜೊತೆ ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ಲ್ಯಾಟಿನ್ ಅಕ್ಷರದ ಶಿಲುಬೆ ತನಗೆ ಯಾಕೆ, ಸಂಸ್ಕೃತದಲ್ಲಿರಲಿ ಎಂದರು. ಮಾಂಸ ಮುಟ್ಟಲಿಲ್ಲ. ಎಂಟು ವರ್ಷದ ಮೇಲೂ ಒಳಗಿನ ಭಾರ ಇಳಿದಿರಲಿಲ್ಲ. ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂಬ ಅರ್ಥದಲ್ಲಿ ಅವರೇ ಬರೆದಿದ್ದಾರೆ. 1891ರ ಸುಮಾರಿಗೆ, ಇನ್ನು ತನ್ನಿಂದಾಗದು ಎಂದು ಕೈಚೆಲ್ಲಿ ಕ್ರಿಸ್ತನ ಮೇಲೆ ಭಾರ ಹಾಕಿದಾಗ ನೆಮ್ಮದಿ ಸಿಕ್ಕಿತಂತೆ.

ಇಲ್ಲಿ ಒಂದು ಮಾತು. ದಿನಾ ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಹೂವಿನ ಚಿತ್ರದ ಮೇಲೆ ಒಂದು ಬೈಬಲ್ ವಾಕ್ಯ ಬರುತ್ತದೆ. ಆಶೀರ್ವಾದ ಕೂಟಗಳ ಫ್ಲೆಕ್ಸ್‌ನಲ್ಲಿ ಸಾಲ ತೀರುವ, ರೋಗ ಬಿಡುವ ಭರವಸೆ ಇರುತ್ತದೆ. ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಗಂಡನನ್ನು ಕರೆದೊಯ್ಯುವ ಹೆಂಗಸಿಗೆ, ನಿನ್ನ ವಿಶ್ವಾಸ ಸಾಲದು ಎಂದು ಹೇಳುವ ಬೋಧಕರೂ ಇದ್ದಾರೆ. ಇದು ಕ್ರೌರ್ಯ. ಬೈಬಲ್ಲಿಗೂ ಇದಕ್ಕೂ ದೂರ ಬಹಳ. ಅಲ್ಲಿನ 150 ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲು ಗೋಳಾಟ, ದೂರು. 88ನೆಯದಂತೂ ಒಂದು ಸಮಾಧಾನದ ಮಾತೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಸಂಕಟದಲ್ಲಿದ್ದ ಯೋಬನಿಗೆ ಉಪದೇಶ ಮಾಡಿದ ಗೆಳೆಯರನ್ನು ದೇವರೇ ಗದರಿಸುತ್ತಾನೆ. ಯೇಸು ಕೂಡ, ಈ ಪಾತ್ರೆ ತನ್ನಿಂದ ತೊಲಗಲಿ ಎಂದು ಗೆತ್ಸೆಮನೆಯಲ್ಲಿ ಬೆವರಿಳಿಸಿ ಬೇಡಿದವನು. ಅವನ ಶಿಲುಬೆ ಹೊರಲೂ ದಾರಿಹೋಕ, ಕುರೇನ್ಯದ ಸೀಮೋನ ಬೇಕಾಯಿತು.

ಈ ಸೀಮೋನನ ಕೆಲಸವನ್ನೇ ರಮಾಬಾಯಿ ಕೈಗೆತ್ತಿಕೊಂಡರು ಎಂದು ನನಗೆ ಕಾಣುತ್ತದೆ. ದೇಶಕ್ಕೆ ಮರಳಿ, 1889ರ ಮಾರ್ಚ್ 11ರಂದು ಮುಂಬೈಯಲ್ಲಿ ಶಾರದಾ ಸದನ ತೆರೆದರು. ಬಾಲವಿಧವೆಯರಿಗೆ ಅಲ್ಲಿ ಓದು, ಊಟ, ವಾಸ. ಮರುವರ್ಷ ಅದು ಪುಣೆಗೆ ಬಂತು. 1893ರಲ್ಲಿ ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಗೆ ಬಂದು ಕೂರುತ್ತಾರೆಂಬ ಗಲಾಟೆ ಎದ್ದಿತು. ತಿಲಕರ ‘ಕೇಸರಿ’ ಪತ್ರಿಕೆ ಕಟುವಾಗಿ ಟೀಕಿಸಿತು, ಹಲವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಪೋಷಕರ ಅನುಮಾನ ಪೂರ್ತಿ ಆಧಾರವಿಲ್ಲದ್ದಲ್ಲ. ಧರ್ಮದಲ್ಲಿ ಕೈ ಹಾಕುವುದಿಲ್ಲ ಎಂಬ ಮಾತಿನ ಮೇಲೆ ನಡೆದಿದ್ದ ಶಾಲೆ ಅದು. ತನ್ನ ಕೋಣೆಯ ಬಾಗಿಲು ಮುಚ್ಚಿ ಪ್ರಾರ್ಥಿಸುವುದಿಲ್ಲ ಎಂಬ ಅವರ ಹಟವೂ ಪ್ರಾಮಾಣಿಕವೇ.

1896ರಲ್ಲಿ ಮಧ್ಯ ಪ್ರಾಂತ್ಯಗಳಲ್ಲಿ ಮತ್ತೆ ಕ್ಷಾಮ. ರಮಾಬಾಯಿ ಅಲ್ಲಿಗೆ ಹೋದರು. ಎಲುಬು ಕಾಣುವ ಹುಡುಗಿಯರನ್ನು, ಅವರನ್ನು ಕೊಳ್ಳಲು ಕಾದಿದ್ದ ದಲ್ಲಾಳಿಗಳನ್ನು ಕಂಡಾಗ ನೆನಪಾದದ್ದು ಇಪ್ಪತ್ತು ವರ್ಷ ಹಿಂದಿನ ತನ್ನದೇ ಹಸಿವು. ಸುಮಾರು 300 ಮಂದಿಯನ್ನು ಕರೆತಂದರು. ಪುಣೆಯಲ್ಲಿ ಪ್ಲೇಗು, ಹಾಗಾಗಿ ಕೇಡಗಾಂವ್‌ನಲ್ಲಿ ಕೊಂಡಿದ್ದ ಜಮೀನಿಗೇ ಹೋಗಿ ನೆಲೆನಿಂತರು. ಅದೇ ಮುಕ್ತಿ ಸದನ. 1900ರ ಹೊತ್ತಿಗೆ ಅಲ್ಲಿ ಎರಡು ಸಾವಿರದ ಹತ್ತಿರ ಜನ. ಬೀದಿಪಾಲಾಗಿದ್ದ ಹೆಂಗಸರಿಗೆ ಕೃಪಾ ಸದನ, ಮುದುಕಿಯರಿಗೆ ಪ್ರೀತಿ ಸದನ, ಕುರುಡರಿಗೆ ಬೇರೆ ಮನೆ; ಅಲ್ಲಿ ಬ್ರೈಲ್ ಕಲಿಸಿದ್ದು ಮನೋರಮಾ. ಬಾವಿ ತೋಡಿಸಿದರು, ಗಾಣ ಹಾಕಿಸಿದರು, ಮಗ್ಗ ಹೂಡಿದರು. ಹೆಂಗಸರೇ ಅಕ್ಷರ ಜೋಡಿಸಿ, ಮುದ್ರಿಸಿ, ಹೊಲಿದು ಪುಸ್ತಕ ಮಾಡುವ ಅಚ್ಚುಕೂಟವೂ ಇತ್ತು. ನಮ್ಮ ಕಲಬುರಗಿಯಲ್ಲೂ ಒಂದು ಶಾಲೆ ತೆರೆದರು.

ಕೊನೆಯ ವರ್ಷಗಳು ಬೈಬಲ್ ಅನುವಾದಕ್ಕೆ ಹೋದವು. ಹೊಲದಲ್ಲಿ ದುಡಿಯುವ ಹೆಂಗಸಿಗೂ ತಿಳಿಯುವ ಮರಾಠಿ ಬೇಕೆಂದು, ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಕಲಿತರು. ಸಂಸ್ಥೆಯನ್ನು ಮಗಳ ಕೈಗೆ ಒಪ್ಪಿಸುವ ಆಸೆಯಿತ್ತು. ಹೊರೆ ಇಳಿಸಿಕೊಳ್ಳುವ ಹೊತ್ತಿಗೆ, 1921ರ ಜುಲೈ 24ರಂದು, ನಲವತ್ತು ವರ್ಷದ ಮನೋರಮಾ ತೀರಿಕೊಂಡರು. ತಾಯಿ ಅನುವಾದದ ಕೆಲಸ ನಿಲ್ಲಿಸಲಿಲ್ಲ. ಅದನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕೇಡಗಾಂವ್‌ನಲ್ಲಿ ಕೊನೆಯುಸಿರೆಳೆದರು.

ಸಂಕಟದಲ್ಲಿರುವವರು ನಿಮ್ಮ ಚರ್ಚಿನ ಬೆಂಚಿನಲ್ಲೇ ಇದ್ದರೆ ಅವರಿಗೆ ವಾಕ್ಯ ಕಳಿಸುವ ಮೊದಲು ಮನೆಗೊಮ್ಮೆ ಹೋಗಿ ಬನ್ನಿ. ದೇವರ ಮೇಲೆ ಸಿಟ್ಟಿದ್ದರೆ ಆಡಿಕೊಳ್ಳಲಿ, ಕೇಳಿಸಿಕೊಳ್ಳಿ. ಮನೆಯಲ್ಲಿ ಅಕ್ಕಿ ಇದೆಯೇ, ಆಸ್ಪತ್ರೆಗೆ ಜೊತೆಗೆ ಹೋಗುವವರು ಇದ್ದಾರೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ನೀವೇ ಹೋಗಿ.