ಚಳಿಗಾಲದ ಮಸ್ಕಿಗೆ ಯಾವ ಗಳಿಗೆ?

ಜನವರಿಯ ನೀರಿನಲ್ಲಿ ಮಸ್ಕಿ ಮೀನಿಗೆ ಹಸಿವಾಗುವುದೇ ಅಪರೂಪ. ಒಮ್ಮೆ ಹೊಟ್ಟೆ ತುಂಬ ನುಂಗಿದರೆ ಅದು ಅರಗಲು ಬೇಸಿಗೆಗಿಂತ ಎಷ್ಟೋ ಹೆಚ್ಚು ದಿನ ಹಿಡಿಯುತ್ತದೆ. ಹಾಗಾಗಿ ಚಳಿಯಲ್ಲಿ ಇದಕ್ಕೆ ಗಾಳ ಹಾಕುವವರನ್ನು ಕಾಡುವುದು ‘ಎಲ್ಲಿ’ ಎಂಬುದಕ್ಕಿಂತ ‘ಯಾವಾಗ’ ಎಂಬ ಪ್ರಶ್ನೆ.

ಮಸ್ಕಿ ಎಂದರೆ ಮಸ್ಕಲಂಜ್, ಉತ್ತರ ಅಮೆರಿಕದ ಸಿಹಿನೀರಿನ ದೈತ್ಯ ಬೇಟೆಗಾರ. ಗ್ರೇಟ್ ಲೇಕ್ಸ್, ಸೇಂಟ್ ಲಾರೆನ್ಸ್, ಒಹಾಯೊ ನದಿಗಳ ಸೀಮೆ ಇದರ ತವರು. ವಿಸ್ಕಾನ್ಸಿನ್ 1955ರಲ್ಲಿ ಇದನ್ನೇ ತನ್ನ ರಾಜ್ಯಮೀನೆಂದು ಘೋಷಿಸಿತು. ಚೆನ್ನಾಗಿ ಬೆಳೆದ ಹೆಣ್ಣು 120 ಸೆಂಟಿಮೀಟರ್ ದಾಟುತ್ತದೆ, ಗಂಡು ಅಷ್ಟು ಬೆಳೆಯುವುದಿಲ್ಲ. ಹತ್ತು ಸಾವಿರ ಸಲ ಗಾಳ ಎಸೆದರೆ ಒಂದು ಸಿಕ್ಕೀತು ಎಂಬ ಮಾತು ಅಲ್ಲಿನ ಗಾಳಗಾರರಲ್ಲಿ ಬಳಕೆಯಲ್ಲಿದೆ.

ಇದರ ಮೈಕಟ್ಟೇ ಹೊಂಚಿನದು. ಬೆನ್ನಿನ ಮತ್ತು ಗುದದ ಬಳಿಯ ಈಜುರೆಕ್ಕೆಗಳು ಬಾಲದ ಹತ್ತಿರಕ್ಕೆ ಸರಿದಿರುವುದರಿಂದ ಮೈಯ ಹಿಂಭಾಗವೆಲ್ಲ ಒಂದೇ ಹುಟ್ಟಿನಂತೆ ನೀರನ್ನು ತಳ್ಳುತ್ತದೆ. ನಿಂತಲ್ಲಿಂದ ಮೈ ಬಾಗಿಸಿ ಬಿಟ್ಟರೆ ಕ್ಷಣದಲ್ಲಿ ಬೇಟೆಯ ಮೇಲೆ. ಆದರೆ ಆ ನೆಗೆತ ದುಬಾರಿ. ಮೀನಿನ ಮೈಬಿಸಿ ನೀರಿನದೇ ಬಿಸಿಯಾದ್ದರಿಂದ, ನೀರು 10 ಡಿಗ್ರಿ ಸೆಲ್ಸಿಯಸ್ ತಣಿದರೆ ದೇಹದೊಳಗಿನ ಕೆಲಸಗಳ ವೇಗ ಸುಮಾರು ಅರ್ಧಕ್ಕೋ ಮೂರನೇ ಒಂದಕ್ಕೋ ಇಳಿಯುತ್ತದೆ. ಇಪ್ಪತ್ತರ ಆಚೀಚೆಯ ನೀರಿನಲ್ಲಿ ಚುರುಕಾಗಿದ್ದ ಮಸ್ಕಿ 4 ಡಿಗ್ರಿಯಲ್ಲಿ ಲೆಕ್ಕ ಹಾಕಿ ಬದುಕುತ್ತದೆ: ಹತ್ತಿರ ಬಂದದ್ದು, ನಿಧಾನವಾದದ್ದು, ದೊಡ್ಡದು, ಇಷ್ಟಕ್ಕೆ ಮಾತ್ರ ನೆಗೆತ. ಚಳಿಗಾಲದ ಗಾಳಗಾರರು ಹುಸಿಮೀನನ್ನು ಎಳೆದು, ನಿಲ್ಲಿಸಿ, ಮತ್ತೆ ಎಳೆಯುವುದು ಇದೇ ಕಾರಣಕ್ಕೆ.

ಉತ್ತರದಲ್ಲಿ ‘ಯಾವಾಗ’ ಎಂಬ ಪ್ರಶ್ನೆಯನ್ನು ಬಹುಪಾಲು ಹಿಮವೇ ಬಗೆಹರಿಸಿಬಿಡುತ್ತದೆ. ಮಿನೆಸೋಟದಲ್ಲಿ ಮಸ್ಕಿ ಹಿಡಿಯುವ ಅವಧಿ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಅದಕ್ಕೂ ಮುಂಚಿನ ಕೆಲವು ವಾರ ಮಾತ್ರ ಅಲ್ಲಿ ಸುಗ್ಗಿ. ಸಿಸ್ಕೊ ಎಂಬ ಕೊಬ್ಬಿದ ಮೀನುಗಳು ನವೆಂಬರಿನ ತಣ್ಣೀರಿನಲ್ಲಿ ಮೊಟ್ಟೆಯಿಡಲು ಆಳ ಬಿಟ್ಟು ಕಲ್ಲುದಿಬ್ಬಗಳ ಮೇಲೆ ಬಂದು ಗುಂಪುಗೂಡುತ್ತವೆ. ಮಿಲ್ ಲ್ಯಾಕ್ಸ್‌ನಂಥ ಸರೋವರಗಳಲ್ಲಿ ಮಸ್ಕಿ ಅವುಗಳ ಬೆನ್ನು ಹತ್ತುತ್ತದೆ. ವಸಂತದಲ್ಲಿ ಇಡಬೇಕಾದ ಮೊಟ್ಟೆಗಳು ಆಗಲೇ ಹೆಣ್ಣುಗಳ ಹೊಟ್ಟೆಯಲ್ಲಿ ಬಲಿಯುತ್ತಿರುತ್ತವೆ. ಅವಕ್ಕೆ ಬೇಕಾದ ಕೊಬ್ಬು ಇಲ್ಲಿಂದಲೇ ಬರಬೇಕು. ವರ್ಷದ ಅತಿ ತೂಕದ ಮಸ್ಕಿಗಳು ಹಿಮಗಟ್ಟುವ ಹೊಸ್ತಿಲಲ್ಲಿ ಸಿಗುವುದರ ಗುಟ್ಟು ಇದು.

ನಿಜವಾದ ಚಳಿಗಾಲದ ಬೇಟೆ ದಕ್ಷಿಣದ್ದು. ಕೆಂಟಕಿಯ ಕೇವ್ ರನ್, ಟೆನಿಸೀಯ ಮೆಲ್ಟನ್ ಹಿಲ್ ಜಲಾಶಯಗಳಲ್ಲಿ, ವರ್ಜೀನಿಯಾದ ನ್ಯೂ ನದಿಯಲ್ಲಿ ವರ್ಷವಿಡೀ ಗಾಳ ಹಾಕಬಹುದು. ಇಲ್ಲಿ ನೀರು ಎಷ್ಟು ಡಿಗ್ರಿ ಇದೆ ಎನ್ನುವುದರಷ್ಟೇ, ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎನ್ನುವುದೂ ಮುಖ್ಯ. ನನ್ನನ್ನು ಕೇಳಿದರೆ ಇಡೀ ವಿಷಯದ ತಿರುಳೇ ಇದು. ಇಳಿಯುತ್ತ 7 ಡಿಗ್ರಿಗೆ ಬಂದ ನೀರಿಗಿಂತ 5ರಿಂದ 6ಕ್ಕೆ ಏರಿದ ನೀರು ಗಾಳಗಾರನಿಗೆ ಮೇಲು. ಎರಡು ಮೂರು ದಿನ ಬಿಸಿಲು ಬಿದ್ದ ಮೇಲಿನ ಇಳಿಹೊತ್ತು, ದಕ್ಷಿಣಕ್ಕೆ ಮುಖ ಮಾಡಿದ ದಂಡೆ, ಬಿಸಿ ಹೀರುವ ಕಪ್ಪು ಕೆಸರಿನ ತಳ, ಬೆಚ್ಚನೆಯ ಮಳೆನೀರು ಹರಿದು ಬಂದು ಸೇರುವ ಹಳ್ಳದ ಬಾಯಿ: ಇವು ಕೂಡಿದಲ್ಲಿ ಒಂದು ಡಿಗ್ರಿಯ ಏರಿಕೆ ಕೆಲವು ಗಂಟೆಗಳ ಹಸಿವನ್ನು ಎಬ್ಬಿಸಬಲ್ಲದು. ಮುಂಜಾನೆಯೇ ದೋಣಿ ಇಳಿಸುವ ಬೇಸಿಗೆಯ ಅಭ್ಯಾಸಕ್ಕೆ ಇಲ್ಲಿ ಬೆಲೆಯಿಲ್ಲ.

ಆದರೆ ಆಹಾರದ ಕಥೆ ಕೆಲವೊಮ್ಮೆ ಈ ಲೆಕ್ಕವನ್ನು ತಿರುಗಿಸುತ್ತದೆ. ಥ್ರೆಡ್‌ಫಿನ್ ಶ್ಯಾಡ್ ಎಂಬ ಪುಟ್ಟ ಮೀನಿಗೆ ಚಳಿ ತಡೆಯುವುದಿಲ್ಲ. ನೀರು 7 ಡಿಗ್ರಿಗಿಂತ ಕೆಳಗೆ ಥಟ್ಟನೆ ಜಾರಿದರೆ ಅದು ತತ್ತರಿಸಿ, ಪಕ್ಕಕ್ಕೆ ವಾಲಿ ಸಾಯತೊಡಗುತ್ತದೆ. ಬೆನ್ನಟ್ಟುವ ಶ್ರಮವಿಲ್ಲದೆ ಸಿಗುವ ಅನ್ನ ಅದು. ಬೇರೆ ಮೀನು ತಿನ್ನುವ ಮೀನುಗಳೆಲ್ಲ ಅಲ್ಲಿ ನೆರೆಯುತ್ತವೆ. ಶೀತಗಾಳಿ ಬೀಸುವಾಗ ಮನೆಯಲ್ಲಿದ್ದು, ಅದು ನಿಂತು ನೀರು ಸ್ಥಿರವಾದ ದಿನ ಹೊರಡುವುದು ಜಾಣತನ.

ಮೆಲ್ಟನ್ ಹಿಲ್‌ನಲ್ಲಿ ಹಿಂದೆ ಇಷ್ಟೆಲ್ಲ ಕಾಯಬೇಕಿರಲಿಲ್ಲ. ದಡದ ಬುಲ್ ರನ್ ಕಲ್ಲಿದ್ದಲು ವಿದ್ಯುತ್ ಸ್ಥಾವರ 1967ರಿಂದ ತನ್ನ ಯಂತ್ರ ತಣಿಸಿದ ಬೆಚ್ಚನೆಯ ನೀರನ್ನು ಜಲಾಶಯಕ್ಕೇ ಬಿಡುತ್ತಿತ್ತು. ಶ್ಯಾಡ್‌ಗಳು ಆ ಬಿಸಿಗೆ ಸೇರುತ್ತಿದ್ದವು, ಅವುಗಳ ಹಿಂದೆ ಮಸ್ಕಿ, ಮಸ್ಕಿಯ ಹಿಂದೆ ದೋಣಿಗಳು. ಸ್ಥಾವರ ಓಡುತ್ತಿದೆಯೇ ಎಂದು ವಿಚಾರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. 2023ರ ಡಿಸೆಂಬರಿನಲ್ಲಿ ಅದು ಮುಚ್ಚಿತು. ಈಗ ಅಲ್ಲಿಯೂ ಬಿಸಿಲನ್ನೂ ಮಳೆಯನ್ನೂ ಓದಬೇಕು.

ಚಂದ್ರನ ಮಾತೂ ಇದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಮಸ್ಕಿ ಹೆಚ್ಚು ಕಚ್ಚುತ್ತದೆ ಎಂದು ನಂಬಿದವರು ಬಹಳ. ಮಾರ್ಕ್ ವಿನ್ಸನ್ ಮತ್ತು ಟೆಡ್ ಅಂಗ್ರಾಡಿ 2014ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಇದನ್ನು ಪರೀಕ್ಷಿಸಿದರು. ಮಸ್ಕೀಸ್ ಇಂಕ್ ಸಂಘದ ಸದಸ್ಯರು 1970ರಿಂದ 2013ರವರೆಗೆ ಹಿಡಿದು ದಾಖಲಿಸಿದ 3,41,959 ಮೀನುಗಳ ಲೆಕ್ಕ ಅವರ ಮುಂದಿತ್ತು. ನಂಬಿಕೆ ಪೂರ್ತಿ ಸುಳ್ಳಾಗಲಿಲ್ಲ. ಆ ದಿನಗಳಲ್ಲಷ್ಟೇ ಗಾಳ ಹಾಕಿದರೆ ಸರಾಸರಿ ಸುಮಾರು ಶೇ. 5ರಷ್ಟು ಲಾಭ. ಅದೂ ಎದ್ದು ಕಂಡದ್ದು ನಡುಬೇಸಿಗೆಯಲ್ಲಿ. ಚಳಿಗಾಲಕ್ಕೆ ಅಮಾವಾಸ್ಯೆ ಕಾಯುವುದಕ್ಕಿಂತ ನೀರಿಗೊಂದು ಥರ್ಮಾಮೀಟರ್ ಇಳಿಸುವುದು ಎಷ್ಟೋ ಮೇಲು.

ಮಸ್ಕಿ ಹಿಡಿಯುವವರಲ್ಲಿ ಬಹುತೇಕರು ಅದನ್ನು ಮತ್ತೆ ನೀರಿಗೇ ಬಿಡುತ್ತಾರೆ. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗಿರುವುದರಿಂದ, ಸೆಣಸಿ ದಣಿದ ಮೀನು ಬಿಸಿನೀರಿನ ಬೇಸಿಗೆಗಿಂತ ಬೇಗ ಚೇತರಿಸಿಕೊಳ್ಳುತ್ತದೆ. ಅಪಾಯ ಇರುವುದು ನೀರಿನ ಮೇಲೆ. ಗಾಳಿ ಸೊನ್ನೆಗಿಂತ ಕೆಳಗಿದ್ದರೆ ಫೋಟೋಗೆಂದು ಎತ್ತಿದ ಮೀನಿನ ಒದ್ದೆ ಕಿವಿರಿನ ನವಿರು ಎಳೆಗಳೂ ಕಣ್ಣುಗಳೂ ಹೆಪ್ಪುಗಟ್ಟತೊಡಗುತ್ತವೆ. ಕೈಯಲ್ಲಿರುವುದು ಮೊಟ್ಟೆ ಹೊತ್ತ, ಹದಿನೈದಿಪ್ಪತ್ತು ವರ್ಷದ ಹೆಣ್ಣಾಗಿರಬಹುದು. ಬಲೆಯಲ್ಲೇ, ನೀರಿನೊಳಗೇ ಇಟ್ಟು ಗಾಳ ಬಿಡಿಸಲು ಆಗದಂಥ ಕೊರೆತದ ದಿನವಾದರೆ, ನೀರು ಎಷ್ಟೇ ಅನುಕೂಲವಾಗಿದ್ದರೂ ಅಂದು ದೋಣಿ ಇಳಿಸಬಾರದು.